ಯಾವ ದೇವರಿಗೆ ನಡಕೋತೀರಿ?

ನಮ್ಮೂರು, ಶಿಗ್ಗಾಂವ ತಾಲೂಕು
13 ಜುಲೈ 2023, ಗುರುವಾರ

ಅಂಕಿತಾ,

ನಿಮ್ಮಪ್ಪ ನಮ್ಮ ಅಡಿವೆವ್ವತ್ತೆಯ ಅಂಗೈಯಲ್ಲಿ ದುರ್ಗವ್ವನ ಭಂಡಾರದ ಅರಿಸಿನ ಇಟ್ಟು, ತನಗೇ ಮತ ಹಾಕಬೇಕೆಂದು ಆಣೆ ಮಾಡಿಸಿದ್ದಾರೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ, ಬೇರೆ ಹೆಸರು ಹುಡುಕಿ ಕೊಡಬೇಡ.

ಫೋನ್ ಬಿಟ್ಟು ಕಾಗದ ಯಾಕೆಂದು ಕೇಳುತ್ತೀ. ಹೋದ ವಾರ ನಮ್ಮ ಕಾಲೇಜು ಗೆಳತಿಯರ ಗುಂಪಿಗೆ ನಾನೊಂದು ವಾಯ್ಸ್ ಮೆಸೇಜು ಹಾಕಿದ್ದೆನಲ್ಲ, "ದುರ್ಗವ್ವನ್ನ ನಂಬಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ" ಎಂದು? ಅದು ಊರಿನ ಗುಂಪಿಗೆ ಬರುವಷ್ಟರಲ್ಲಿ "ದುರ್ಗವ್ವನ್ನ ನಂಬಬ್ಯಾಡ್ರಿ" ಎಂದಷ್ಟೇ ಉಳಿದಿತ್ತು. ನಮ್ಮ ಭಾಷೆಯಲ್ಲಿ 'ಇಲ್ಲ' ಇರುವುದು ಮಾತಿನ ಬಾಲದಲ್ಲಿ. ಬಾಲ ಕತ್ತರಿಸುವುದು ಸುಲಭ. ಅಂದಿನಿಂದ ಕೇರಿಯ ಹೆಂಗಸರೇ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಇನ್ನು ನನ್ನ ಮಾತೆಲ್ಲ ಕಾಗದದ ಮೇಲೆ. ಕಾಗದ ಕತ್ತರಿಸಿದರೆ ಕತ್ತರಿಸಿದ್ದು ಕಾಣುತ್ತದೆ.

ಒಬ್ಬ ಸದಸ್ಯ ತೀರಿಕೊಂಡು ಖಾಲಿಯಾದ ಒಂದೇ ಒಂದು ಪಂಚಾಯತಿ ಸೀಟು. ಒಂದು ಕಡೆ ಶಿಗ್ಗಾಂವದಲ್ಲಿ ಕಾಳಿನ ಅಂಗಡಿ ಇರುವ ನಿಮ್ಮಪ್ಪ ಕುಬೇರಪ್ಪ, ಇನ್ನೊಂದು ಕಡೆ ನಮ್ಮ ಕೇರಿಯ ಜಗದೀಶ. ಇಷ್ಟಕ್ಕೆ ದೇವಿಯನ್ನು ಬೀದಿಗೆ ಎಳೆಯಬೇಕೆ? ಮಂಗಳವಾರ ನಿಮ್ಮಪ್ಪ ನಮ್ಮ ದುರ್ಗವ್ವನ ಕಟ್ಟೆ ಹತ್ತಿ, "ನಾ ಮಠಕ್ಕ ಹೆಂಗ ನಡಕೋತೇನೋ ನಿಮ್ಮ ದುರ್ಗವ್ವಗೂ ಹಂಗ ನಡಕೋತೇನಿ. ದೇವ್ರಿಗೂ ಕಾಯಿ, ನನ್ನ ಗುರ್ತೂ ಕಾಯಿ. ಕಾಯಿಗೆ ಒತ್ತಿದ್ರ ದೇವಿಗೆ ಒಡೆಸಿದಂಗ" ಎಂದರಂತೆ. ನನಗೆ ಬುದ್ಧಿ ಬಂದಾಗಿನಿಂದ ಆ ಕಟ್ಟೆಯ ಮುಂದೆ ಬೈಕಿನ ವೇಗ ಹೆಚ್ಚಿಸಿ ಹೋಗುತ್ತಿದ್ದ ಮನುಷ್ಯ!

ನಾನು ಅಂದು ಶಿಗ್ಗಾಂವದಲ್ಲಿ ಜಗದೀಶನ ಕರಪತ್ರ ಅಚ್ಚು ಹಾಕಿಸುತ್ತಿದ್ದೆ, ನೀನು ಹಾನಗಲ್ಲಿನಲ್ಲಿದ್ದೆ. ಅಪ್ಪ ಹೊಲದಲ್ಲಿದ್ದ. ಕೇರಿಯೆಲ್ಲ ಕಟ್ಟೆಯ ಮುಂದೆ. ಮೊಣಕಾಲು ನೋವಿನ ಅತ್ತೆ ಒಬ್ಬಳೇ ಮನೆಯಲ್ಲಿ. ನಾನು ಬಂದಾಗ ಅಂಗೈ ಹಳದಿಯಾಗಿತ್ತು. ಉಳಿದ ಭಂಡಾರ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. "ಆಣಿ ಕೊಟ್ಟೇನಿ, ಮಾತು ಮುಗೀತು" ಎಂದಳು. "ಯಾರಿಗ ಕೊಟ್ಟಿ?" ಎಂದರೆ "ಸಾವ್ಕಾರ್ರ ಮಂದಿಗೆ" ಎಂದಳು, ಅಷ್ಟೇ. ನಮ್ಮ ಕೇರಿಗೆ ಸಾವ್ಕಾರ್ರೆಂದರೆ ನಿಮ್ಮಪ್ಪನೇ.

ನಿನಗೆ ಅವಳು ಗೊತ್ತು. ಅವಳ ತಮ್ಮ, ನಮ್ಮಪ್ಪ ಮಾಳಪ್ಪ, ದೀಕ್ಷೆ ತೆಗೆದುಕೊಂಡು ಮನೆಯಲ್ಲಿ ಬುದ್ಧನ ಪಟ ಹಾಕಿದಾಗ, ಅವಳು ತನ್ನ ದುರ್ಗವ್ವನನ್ನು ಅದರ ಕೆಳಗಿನ ಗೂಡಿನಲ್ಲಿಟ್ಟು "ಇಬ್ರೂ ಇರ್ಲಿ, ಮನಿ ದೊಡ್ಡದೈತಿ" ಎಂದವಳು. ಗಂಡ ಸತ್ತ ದಿನ ಎಲೆಯಡಿಕೆ ಬಿಡುತ್ತೇನೆಂದು ಆಣೆ ಇಟ್ಟವಳು ಇವತ್ತಿಗೂ ಮುಟ್ಟಿಲ್ಲ. ಅವಳ ಲೆಕ್ಕದಲ್ಲಿ ಆಣೆ ಮೈಮೇಲಿನ ಚರ್ಮ ಇದ್ದ ಹಾಗೆ. ಯಾರು ಕೈಯಲ್ಲಿ ಇಟ್ಟರೋ ಅವರೇ ಬಂದು ತೆಗೆದರೆ ಮಾತ್ರ ಬಿಡುತ್ತದಂತೆ.

ಹಾಗಾದರೆ ನಿಮ್ಮಪ್ಪ ಬಂದು ತೆಗೆಯಲಿ. 23ನೇ ತಾರೀಖು ಮತದಾನ. ಅದಕ್ಕೆ ಮೊದಲು. ನೀನು ಹೇಳು.

ಸಮತಾ


ಹಾನಗಲ್ಲು, ಮಹಿಳಾ ಹಾಸ್ಟೆಲ್
17 ಜುಲೈ 2023

ಪ್ರೀತಿಯ ಸಮತಾ,

ನಿನ್ನ ಕಾಗದ ಬಂತು. ಹಾಸ್ಟೆಲಿನಲ್ಲಿ ನನಗೊಬ್ಬಳಿಗೇ ಕಾಗದ ಬರುವುದರಿಂದ ಎಲ್ಲರೂ ಯಾವನೋ ಬರೆಯುತ್ತಿದ್ದಾನೆ ಎಂದುಕೊಂಡಿದ್ದಾರೆ. "ಬರೀ ಬೈಗುಳ ಅದಾವ" ಎಂದರೆ ಇನ್ನೂ ಗಟ್ಟಿಯಾಗಿ ನಂಬುತ್ತಾರೆ.

ಅಪ್ಪ ಯಾರ ಅಂಗೈಯಲ್ಲೂ ಭಂಡಾರ ಇಟ್ಟಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಅಪ್ಪನ ಮೇಲೆ ನಿನಗೆ ಸಿಟ್ಟಿದೆ, ಇರಲಿ. ಆದರೆ ಅವನ ಭಕ್ತಿ ಚುನಾವಣೆಗೆ ಹುಟ್ಟಿದ್ದಲ್ಲ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಅವನು ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಜ್ವರ ಬಂದಾಗಲೂ ಇಲ್ಲ. ನಂಬಿಕೆ ಇದ್ದವನು ಜನರ ಮುಂದೆ ನಂಬಿಕೆಯ ಮಾತಾಡಬಾರದೆ? ಕೇಳಲು ಬಂದವರೂ ಅದನ್ನೇ ಕೇಳುತ್ತಾರಲ್ಲ? ರಸ್ತೆ, ನೀರು ಎಂದರೆ "ಅದೆಲ್ಲ ಇರ್ಲಿ ಬಿಡ್ರಿ" ಎನ್ನುತ್ತಾರೆ, ದೇವರೆಂದರೆ ಕಿವಿ ನೆಟ್ಟಗಾಗುತ್ತದೆ. ಇದನ್ನು ಅಪ್ಪ ಕಲಿಸಿದನೇ?

ಅಡಿವೆವ್ವಾರು ಏನೆನ್ನುತ್ತಾರೆ? ಯಾರ ಹೆಸರನ್ನಾದರೂ ಹೇಳಿದರಾ? ಮೊದಲ ಸಲ ನಿಮ್ಮ ಮನೆಗೆ ಬಂದ ದಿನ ನೆನಪಿದೆಯಾ? "ಯಾವ ದೇವ್ರಿಗೆ ನಡಕೋತೀರಿ ಯವ್ವಾ?" ಎಂದು ಕೇಳಿದರು. ಬಾಯಿ ತುಂಬ ರೊಟ್ಟಿ ಇತ್ತು, "ನಿಮ್ಮ ರೊಟ್ಟಿಗೆ ನಡಕೋತೇನ್ರೀ" ಎಂದುಬಿಟ್ಟೆ. ಕೆಮ್ಮು ಬರುವಷ್ಟು ನಕ್ಕಿದ್ದರು. ನಮ್ಮ ಮನೆಯಲ್ಲಿ ಗೊತ್ತಾದರೆ ಏನಾಗುತ್ತದೋ ಎಂದು ನಮಗಿಂತ ಅವರೇ ಹೆದರಿ, ಬಾಗಿಲು ಮುಂದಕ್ಕೆ ಎಳೆದು ಉಣ್ಣಲಿಕ್ಕೆ ಇಟ್ಟಿದ್ದರು.

ಅವರನ್ನು ಇದರಲ್ಲಿ ಎಳೆಯಬೇಡ ಸಮತಾ. ಹೇಗೂ ಒಂದು ಮತ. ಅವರ ಮನಸ್ಸಿನಂತೆ ಹಾಕಿ ಬರಲಿ.

ನಿನ್ನ
ಅಂಕಿತಾ


ನಮ್ಮೂರು
20 ಜುಲೈ 2023

ಅಂಕಿತಾ,

ನಿಮ್ಮಪ್ಪನ ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ತನ್ನ ಅಂಗೈಯಲ್ಲಿದ್ದಾಗ ಅದು ನಂಬಿಕೆ. ಇನ್ನೊಬ್ಬರ ಅಂಗೈಗೆ ಇಟ್ಟಾಗ ಅದು ಬೀಗ. ಇದನ್ನೇ ಮುಂದಿನ ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇನೆ, ನಿನಗೆ ಋಣಿ.

ನಮ್ಮ ಪ್ರಚಾರದ ಕಥೆ ಕೇಳು. ಜಗದೀಶ ಮನೆಮನೆಗೆ ಹೋಗಿ ಚರಂಡಿ, ಬೀದಿದೀಪ, ಸ್ಮಶಾನದ ದಾರಿ ಎಂದು ಹೇಳುತ್ತಿದ್ದಾನೆ. ನಮ್ಮ ಕೇರಿಯ ಮಂಜವ್ವ ಅವನನ್ನು ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲ ಕೇಳಿ ಕೊನೆಗೆ, "ಎಲ್ಲಾ ಬರೋಬರಿ ಐತಿ ತಮ್ಮಾ. ನೀ ಯಾವ ದೇವ್ರಿಗೆ ನಡಕೋತಿ?" ಎಂದಳು.

"ಯಾವ ದೇವ್ರಿಗೂ ಇಲ್ಲಬೇ. ನಾ ಬುದ್ಧನ ದಾರಿಯಾಂವ."

"ಅಂದ್ರ ಒಬ್ರಿಗೂ ಇಲ್ಲ?"

"ಇಲ್ಲ."

"ದೇವ್ರಿಗ ನಡಕೊಳ್ಳದಾಂವ ನಾಳೆ ನಮಗರ ಹೆಂಗ ನಡಕೋತೀಪಾ?"

ಕೇರಿಯೆಲ್ಲ ನಕ್ಕಿತು. ಜಗದೀಶ ಕೆಂಪಾದ. ನನಗೆ ಮೈ ಉರಿಯಿತು, ಆದರೆ ಮಂಜವ್ವನ ಮಾತಿನಲ್ಲಿ ಒಂದು ಲೆಕ್ಕವಿದೆ ಎಂಬುದು ಆಮೇಲೆ ಹೊಳೆಯಿತು. ಗೆದ್ದವನನ್ನು ಹಿಡಿದು ಕೇಳುವ ದಾರಿ ಅವಳಿಗೆ ಯಾವತ್ತೂ ಸಿಕ್ಕಿಲ್ಲ. ಅವನು ಹೆದರುವ ದೇವರೊಂದಿದ್ದರೆ, ಆ ದೇವರ ಮುಂದೆಯಾದರೂ ನಿಂತು ಅಳಬಹುದು. ಬಡವರಿಗೆ ದೇವರೇ ಜಾಮೀನುದಾರ. ನಿಮ್ಮಪ್ಪನಂಥವರು ಆ ಜಾಮೀನನ್ನೇ ಕದ್ದು ತಂದು ತೋರಿಸುತ್ತಾರೆ.

ಅತ್ತೆ ಯಾರ ಹೆಸರೂ ಹೇಳಿಲ್ಲ. ಕೇಳಿದರೆ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ಬಾಯಿ ಮುಚ್ಚುತ್ತಾಳೆ.

"ಒಂದು ಮತ" ಎಂದು ಬರೆದಿದ್ದೀ. ಒಂದು ಜೀವ ಎಂದು ಓದಿಕೊಂಡೆ. ಅವಳ ಕಣ್ಣಿಗೆ ಪೊರೆ ಬಂದಿರುವುದು ನಿನಗೆ ಗೊತ್ತು. ಗುರುತು ಕಾಣುವುದಿಲ್ಲ. ಭಾನುವಾರ ಅವಳ ಜೊತೆ ನಾನೇ ಒಳಗೆ ಹೋಗುತ್ತೇನೆ, ಸಹಾಯಕ್ಕೆ ಒಬ್ಬರನ್ನು ಬಿಡುತ್ತಾರೆ. ಅವಳಿಗೆ ಯಾವುದು ಒಳ್ಳೆಯದೋ ಅದಾಗುತ್ತದೆ.

ಸಮತಾ


ನಮ್ಮೂರು
27 ಜುಲೈ 2023

ಅಂಕಿತಾ,

ನಿಮ್ಮಪ್ಪ ಗೆದ್ದರು. ನಿನಗೆ ಫೋನಿನಲ್ಲಿ ನಿನ್ನೆಯೇ ಗೊತ್ತಾಗಿರಬೇಕು. ನಮ್ಮ ಕೇರಿಯ ಮತ ಕೂಡ ಜಗದೀಶನಿಗೆ ಪೂರ್ತಿ ಬಿದ್ದಿಲ್ಲ. ಗುಲಾಲು ಎರಚುತ್ತ ಮೆರವಣಿಗೆ ದುರ್ಗವ್ವನ ಕಟ್ಟೆಗೆ ಬಂತು. ನಿಮ್ಮಪ್ಪ ಕಾಯಿ ಒಡೆಸಿದರು. ಕಟ್ಟೆಯ ಮೇಲೆ ಹತ್ತಲಿಲ್ಲ ಈ ಸಲ, ಕೆಳಗಿನಿಂದಲೇ ಕೈ ಮುಗಿದರು.

ಅತ್ತೆ ಮತ ಹಾಕಿದಳು. ಅಷ್ಟೇ.

ನಿನ್ನ ಕಾಗದ ಬರಲಿಲ್ಲ.

ಸಮತಾ


ಹಾನಗಲ್ಲು
4 ಆಗಸ್ಟ್ 2023

ಪ್ರೀತಿಯ ಸಮತಾ,

ಬರೆಯಲು ಕುಳಿತು ಎದ್ದಿದ್ದೇನೆ, ಹಲವು ಸಲ. ನಮ್ಮ ಬಿ.ಎಡ್.ನ ಪಾಠ ಬೋಧನೆಯ ಅಭ್ಯಾಸ ಶುರುವಾಗಿದೆ. ಆರನೇ ತರಗತಿಗೆ ನಾಗರಿಕ ಶಾಸ್ತ್ರ. "ಮತದಾನ ಗುಪ್ತವಾಗಿರುತ್ತದೆ" ಎಂದು ಬೋರ್ಡಿನ ಮೇಲೆ ಬರೆದೆ. ಒಂದು ಹುಡುಗಿ ಎದ್ದು, "ದೇವ್ರಿಗೂ ಗುಪ್ತ ಏನ್ರಿ ಟೀಚರ್?" ಎಂದಳು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಪಾಠ ಮುಂದೆ ಸಾಗಲಿಲ್ಲ.

ಅಪ್ಪ ಗೆದ್ದದ್ದಕ್ಕೆ ನೀನು ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ಭಯ.

ಅಡಿವೆವ್ವಾರು ಹೇಗಿದ್ದಾರೆ? ಮೊಣಕಾಲು ಹೇಗಿದೆ? ಗಂಟು ಬಿಚ್ಚಿದರಾ? ಅಪ್ಪ ಗೆದ್ದ ಮೇಲೆ ಆಣೆ ತೀರಿದಂತೆ ತಾನೆ? ತೀರಿತು ಎಂದು ಅವರಿಗೆ ಹೇಳು. ನಾನು ಹೇಳಿದೆನೆಂದು ಹೇಳು. ಬೇಡ, ನನ್ನ ಹೆಸರು ಹೇಳಬೇಡ. ಸುಮ್ಮನೆ ತೀರಿತು ಎನ್ನು.

ಅಂಕಿತಾ


ನಮ್ಮೂರು
16 ಆಗಸ್ಟ್ 2023

ಅಂಕಿತಾ,

ಅತ್ತೆ ಊಟ ಬಿಟ್ಟಿದ್ದಾಳೆ.

ಮೊದಲು ನಾಲಿಗೆಗೆ ರುಚಿ ಇಲ್ಲವೆಂದಳು, ನಂಬಿದೆವು. ಈಗ ರೊಟ್ಟಿ ಇಲ್ಲ, ಅನ್ನ ಇಲ್ಲ, ಎರಡು ಗುಟುಕು ಚಹಾ. ಶಿಗ್ಗಾಂವಕ್ಕೆ ಒಯ್ದು ಸಲೈನ್ ಹಾಕಿಸಿಕೊಂಡು ಬಂದೆವು. ಡಾಕ್ಟರು ರೋಗ ಏನೂ ಇಲ್ಲ, ಉಣ್ಣಿಸಿ ಎಂದರು. ತುತ್ತು ಬಾಯಿಯ ಹತ್ತಿರ ಒಯ್ದರೆ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗುತ್ತಾಳೆ. ಆಣೆ ತಪ್ಪಿತೆಂದು ಅವಳ ಮನಸ್ಸಿಗೆ ಬಂದಿದೆ. ಹೇಗೆ ಬಂತೋ ಬಿಡು. ಬಂದಿದೆ.

ನಾನು ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮವ್ವ ಸರೋಜವ್ವ ನನ್ನನ್ನು ಕಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ನಿಮ್ಮಪ್ಪ ಪಡಸಾಲೆಯಲ್ಲಿ ನಾಲ್ಕೈದು ಮಂದಿಯ ನಡುವೆ ಕುಳಿತಿದ್ದರು.

"ಬಾರವಾ ಸಮತಾ, ಕುಂದ್ರು. ಕರಪತ್ರ ತಂದಿ ಏನು?" ಎಂದರು. ಎಲ್ಲರೂ ನಕ್ಕರು. ಅವರಿಗೆಲ್ಲ ಕಪ್ಪು-ಬಸಿಯಲ್ಲಿ ಚಹಾ ಇತ್ತು, ನನಗೆ ಕಾಗದದ ಲೋಟದಲ್ಲಿ ಬಂತು. ಮುಟ್ಟಲಿಲ್ಲ.

"ಸಾವ್ಕಾರ್ರ, ನಮ್ಮತ್ತಿ ಕೈಯಾಗ ಇಟ್ಟ ಆಣಿ ತಗೋರಿ. ಆಕಿ ಸಾಯಾಕತ್ತಾಳ."

"ಯಾರ ಆಣಿ? ನಾ ಇಟ್ಟಿಲ್ಲವಾ. ಇಡದ್ದನ್ನ ತಗೊಳ್ಳೋದು ಹೆಂಗ?"

"ನಿಮ್ಮ ಮಂದಿ ಇಟ್ಟಾರ."

"ಆಣಿ ಇಟ್ಟವರಿಗೆ ಏನಾಗಾಕತ್ತಿಲ್ಲಲ್ಲ. ತಪ್ಪಿದವರಿಗೆ ಆಗಾಕತ್ತೈತಿ. ದೇವಿ ತನ್ನ ಲೆಕ್ಕ ತಾ ಮಾಡಾಕತ್ತಾಳ, ನಡುವ ಬರಾಕ ನಾ ಯಾರು? ನೀ ದೇವಿನ್ನ ನಂಬಬ್ಯಾಡ ಅಂದಾಕಿ. ಈಗ ಹೆಂಗ ಬಂದಿ?"

ಕತ್ತರಿಸಿದ ಮಾತು ಇನ್ನೂ ಅವರ ಜೇಬಿನಲ್ಲಿದೆ, ನೋಡು. ಹಸಿ ಸುಳ್ಳು ಹೇಳುವಾಗಲೂ ಅವರ ಮುಖ ಶಾಂತವಾಗಿತ್ತು. ನಾ ಇಟ್ಟಿಲ್ಲವಾ!

ನಮ್ಮ ಕಡೆಯವರ ಮಾತೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಕತ್ತರಿಸಿದಂತಾಗುತ್ತದೆ. ಜಗದೀಶ ವಕೀಲರನ್ನು ಕರೆದುಕೊಂಡು ಬಂದ. ಧರ್ಮದ ಹೆಸರಿನಲ್ಲಿ ಆಣೆ ಮಾಡಿಸಿದ್ದು ಸಾಬೀತಾದರೆ ನಿಮ್ಮಪ್ಪನ ಸೀಟು ಹೋಗುತ್ತದಂತೆ. ಅತ್ತೆಯ ಹೇಳಿಕೆ ಬೇಕು. "ಅತ್ತೀ, ಒಂದು ಹೆಬ್ಬೆಟ್ಟು ಒತ್ತು, ಸಾಕು" ಎಂದ. ಅವಳು ಕೈ ಹಿಂದಕ್ಕೆ ಎಳೆದುಕೊಂಡು, "ಒತ್ತಿದ್ದು ಸಾಕಾಗೈತೋ ಯಪ್ಪಾ" ಎಂದಳು. ಹೊರಗೆ ಬಂದ ಮೇಲೆ ಜಗದೀಶ, ಅವಳ ಜೀವ ಇರುವಾಗಲೇ ಇದು ಆಗಬೇಕು ಎಂದ. ಹೇಳಿಕೆಯ ಮಾತಾಡುತ್ತಿದ್ದ, ಅವಳ ಮಾತಲ್ಲ. ಅವನ ಮುಖ ನೋಡಲಾಗಲಿಲ್ಲ ನನಗೆ.

ನಿನಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನಿಮ್ಮಪ್ಪನನ್ನು ಕರೆತಾ. ನೀನು ಹೇಳಿದರೆ ಬರುತ್ತಾರೆ.

ಸಮತಾ


ಹಾನಗಲ್ಲು
21 ಆಗಸ್ಟ್ 2023

ಸಮತಾ,

ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಈ ತಿಂಗಳ ಮೊದಲ ವಾರ ಅಡಿವೆವ್ವಾರು ಕೋಲೂರಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದರಂತೆ. ಅವ್ವ ಭಾನುವಾರ ಫೋನಿನಲ್ಲಿ ಹೇಳಿದಳು. "ಆಣಿ ತಪ್ಪೇತ್ರಿ ಅವ್ವಾರ. ತಪ್ಪುಗಾಣಿಕಿ ಏನು ಕೊಡಬೇಕು ಹೇಳ್ರಿ, ಕೊಡ್ತೇನಿ" ಎಂದರಂತೆ. ಹೇಗೆ ತಪ್ಪಿತು, ಒಳಗೆ ಜೊತೆಗೆ ಯಾರಿದ್ದರು ಎಂದು ಅವ್ವ ಕೇಳಿದರೆ ಬಾಯಿ ಬಿಡಲಿಲ್ಲವಂತೆ. "ನನ್ನಿಂದನ ತಪ್ಪೇತ್ರಿ" ಎಂದಷ್ಟೇ.

ಜೊತೆಗೆ ಯಾರಿದ್ದರೆಂದು ಅವ್ವನಿಗೆ ಗೊತ್ತಿಲ್ಲ. ನನಗೆ ಗೊತ್ತು. ನೀನೇ ಬರೆದಿದ್ದೀ. ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ, ಯಾರೂ ಅದರ ಬಾಲ ಕತ್ತರಿಸಿಲ್ಲ. "ಅವಳಿಗೆ ಯಾವುದು ಒಳ್ಳೆಯದೋ ಅದಾಗುತ್ತದೆ." ಅವರು ಕಾಯಿಗೆ ಒತ್ತು ಎಂದಿರುತ್ತಾರೆ. ನೀನು ಜಗದೀಶನಿಗೆ ಒತ್ತಿದ್ದೀ. ಅದನ್ನೂ ಬಚ್ಚಿಡಲಾರದೆ ಅವರಿಗೆ ಹೇಳಿದ್ದೀ. ದೇವಿ ಏನೂ ಮಾಡಲಿಲ್ಲ ನೋಡು ಎಂದು ಪಾಠ ಹೇಳಲು ಹೋಗಿದ್ದೀ. ನಿನ್ನನ್ನು ನಾನು ಬಲ್ಲೆ.

ಅಪ್ಪ ಹೆದರಿಸಿ ಕೇಳಿದ. ನೀನು ಕೇಳಲೇ ಇಲ್ಲ.

ಅಪ್ಪ ಬರುವುದಿಲ್ಲ ಸಮತಾ. ನಾನು ಕೇಳಿದೆ, ಅತ್ತು ಕೇಳಿದೆ. ಈಗ ಅವನು ಹೋದಲ್ಲೆಲ್ಲ, "ಆಣಿ ತಪ್ಪಿದಾಕಿ ಹೆಂಗಾಗ್ಯಾಳ ನೋಡಿ ಬರ್ರಿ. ದುರ್ಗವ್ವ ನನ್ನ ಕಡೆ ಅದಾಳೋ ಇಲ್ಲೋ?" ಎನ್ನುತ್ತಾನಂತೆ. ತಾಲೂಕು ಪಂಚಾಯತಿಗೆ ನಿಲ್ಲುವ ಆಸೆ ಹುಟ್ಟಿದೆ. ಅಡಿವೆವ್ವಾರು ಒಂದು ತುತ್ತು ಉಂಡರೆ ಅಪ್ಪನ ಮಾತು ಸುಳ್ಳಾಗುತ್ತದೆ. ಅದಕ್ಕೇ ಅವರು ಉಣ್ಣಬಾರದು. ಅವನು ಹೀಗೆ ಬಾಯಿ ಬಿಟ್ಟು ಹೇಳುವುದಿಲ್ಲ. ತನಗೇ ಹೇಳಿಕೊಂಡಿರಲಿಕ್ಕಿಲ್ಲ. ಬೆಳಗಿನ ಪೂಜೆ ಮಾತ್ರ ತಪ್ಪಿಲ್ಲ.

ನಾನು ಅವನ ಮಗಳು. ಈ ಸಾಲನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಅಂಕಿತಾ


ನಮ್ಮೂರು
27 ಆಗಸ್ಟ್ 2023, ಭಾನುವಾರ

ಅಂಕಿತಾ,

ಹೌದು. ಒತ್ತಿದ್ದು ನಾನು, ಆಮೇಲೆ ಅವಳಿಗೆ ಹೇಳಿದ್ದೂ ನಾನೇ. "ಕಾಯಿಗೆ ಒತ್ತವಾ" ಎಂದು ಅವಳು ಕಿವಿಯಲ್ಲಿ ಹೇಳಿದಳು. "ಹೂಂ" ಎಂದು ನಾನು ಜಗದೀಶನ ಗುರುತು ಹೊಲಿಗೆ ಯಂತ್ರಕ್ಕೆ ಒತ್ತಿದೆ. ಆ ಕ್ಷಣ ನನಗೆ ಹೆಮ್ಮೆಯಾಗಿತ್ತು. ಒಬ್ಬಳನ್ನು ಬಿಡಿಸಿದೆ ಎಂದುಕೊಂಡಿದ್ದೆ.

ಇನ್ನು ಕೇಳು. ನಿನ್ನ ಕಾಗದ ಓದಿ, ನಿನ್ನೆ ಅತ್ತೆಯ ಹತ್ತಿರ ಕುಳಿತೆ. ನಿಮ್ಮಪ್ಪನ ಕಾಲರ್ ಹಿಡಿದು ಎಳೆತರುತ್ತೇನೆಂದು ಕೂಗಾಡಿದೆ. ಅವಳ ದನಿ ಈಗ ಹತ್ತಿರ ಬಾಗಿದರೆ ಮಾತ್ರ ಕೇಳುತ್ತದೆ.

"ಸಾವ್ಕಾರ್ರನ್ನ ಬಿಡು. ಅವ್ರು ಇಟ್ಟಿಲ್ಲ."

"ಮತ್ತ ಯಾರು ಇಟ್ಟಾರ?"

"ಯಾಕ ಬೇಕು ನಿನಗ?"

"ಹೇಳು ಅತ್ತೀ."

ಸೆರಗಿನ ಗಂಟನ್ನು ಬೆರಳಿನಿಂದ ಸವರಿದಳು. ಆಮೇಲೆ, ನಗುವಿಗೆ ಹತ್ತಿರದ ಏನೋ ಒಂದು ಅವಳ ಮುಖದ ಮೇಲೆ ಬಂತು. "ನನ್ನ ರೊಟ್ಟಿಗೆ ನಡಕೊಳ್ಳಾಕಿ" ಎಂದಳು.

ಅಂಕಿತಾ, ಆಗ ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. "ಅಪ್ಪ ಯಾರ ಅಂಗೈಯಲ್ಲೂ ಭಂಡಾರ ಇಟ್ಟಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ." ಎಷ್ಟು ಸತ್ಯ! ನಾನು ನಿಮ್ಮಪ್ಪನ ಪಡಸಾಲೆಯಲ್ಲಿ ನಿಂತು ಸುಳ್ಳುಗಾರ ಎಂದುಕೊಂಡೆ, ಆ ಒಂದು ಮಾತಿನಲ್ಲಿ ಅವರೂ ಸುಳ್ಳು ಹೇಳಿರಲಿಲ್ಲ. ಬೈಯಲು ಕುಳಿತೆ. ನನ್ನ ಬಲಗೈ ಹೆಬ್ಬೆರಳನ್ನೇ ನೋಡುತ್ತ ಕುಳಿತಿದ್ದೆ.

ಅವಳು ಯಾಕೆ ಉಪವಾಸ ಇದ್ದಾಳೆಂದು ನಾವೆಲ್ಲ ತಪ್ಪು ತಿಳಿದಿದ್ದೆವು. ದೇವಿಗೆ ಹೆದರಿ ಎಂದು ನಿಮ್ಮಪ್ಪ ಊರೆಲ್ಲ ಹೇಳಿದರು, ಮೌಢ್ಯ ಎಂದು ನಾನು ಹೇಳಿದೆ. ಅವಳೇ ಹೇಳಿದ್ದು ಇದು: "ಆಣಿ ತಪ್ಪಿದ್ರ ಯಾರಿಗರ ತಾಕ್ತೈತಿ. ಒತ್ತಿದ ಕೈಗೂ ತಾಕಬಾರ್ದು, ಇಟ್ಟ ಕೈಗೂ ತಾಕಬಾರ್ದು. ಎರಡೂ ಬಾಳಿ ಬದುಕೋ ಹುಡುಗ್ಯಾರ ಕೈ. ನನ್ನ ಮ್ಯಾಲ ಹಾಕ್ಕೋ ಅಂತ ಬೇಡಿಕೊಂಡೇನಿ."

ನನ್ನನ್ನು ಕಾಪಾಡಲು ಅವಳು ಸಾಯುತ್ತಿದ್ದಾಳೆ. ನಾನು ನಂಬದ ದೇವಿಯಿಂದ ನನ್ನನ್ನು ಕಾಪಾಡಲು. ಇದಕ್ಕೆ ನನ್ನ ಯಾವ ಕರಪತ್ರದಲ್ಲೂ ಉತ್ತರವಿಲ್ಲ. ಎಲ್ಲ ತಿರುವಿ ನೋಡಿದೆ.

"ಇಟ್ಟಾಕಿ ಬಂದು ತಗೊಂಡ್ರ ಉಣ್ತಿ ಏನು?" ಎಂದು ಕೇಳಿದೆ. "ಆಕಿನ್ನ ಕರೀಬ್ಯಾಡ, ಮನ್ಯಾಗ ಬೈತಾರ" ಎಂದಳು. ಮತ್ತೆ ಮತ್ತೆ ಕೇಳಿದ ಮೇಲೆ ತಲೆಯಾಡಿಸಿದಳು. ಮಂಗಳವಾರ ಇಟ್ಟ ಆಣೆ ಮಂಗಳವಾರವೇ ಬಿಡಬೇಕಂತೆ. ಅದಕ್ಕೆ ಮೊದಲು ಆಗುವುದಿಲ್ಲವಂತೆ. ನಾನು ವಾದ ಮಾಡಲಿಲ್ಲ. ಇದೇ ಮೊದಲ ಸಲ.

ಅಂಚೆಗೆ ಹೊತ್ತಿಲ್ಲ, ಫೋನ್ ನೀನು ಎತ್ತುವುದಿಲ್ಲ. ಬಳೆ ಮಾರಲು ಹಾನಗಲ್ಲಿಗೆ ಹೊರಟ ಕುಲಸುಮಬಿಯ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನೀನು ಬರೆದುಕೊಡುವವರೆಗೂ ಅವಳು ಹಾಸ್ಟೆಲಿನ ಮುಂದೆ ಕೂರುತ್ತಾಳೆ.

ಮಂಗಳವಾರ ಬೆಳಕು ಹರಿಯುವ ಮೊದಲು ಬಾ, ಹಿತ್ತಲ ಬಾಗಿಲಿನಿಂದ. ಯಾರಿಗೂ ಹೇಳುವುದಿಲ್ಲ. ಜಗದೀಶನಿಗೂ ಇಲ್ಲ. ಫೋನ್ ಹೊರಗಿಡುತ್ತೇನೆ. ನಿಮ್ಮಪ್ಪನ ಸೀಟು ಇರಲಿ, ತಾಲೂಕು ಪಂಚಾಯತಿಗೂ ಹೋಗಲಿ. ನನಗೆ ಅವಳು ಒಂದು ತುತ್ತು ಉಂಡರೆ ಸಾಕು.

ಸಮತಾ


ಹಾನಗಲ್ಲು
27 ಆಗಸ್ಟ್ 2023, ಸಂಜೆ

ಸಮತಾ,

ಕುಲಸುಮಬಿ ಕಾಂಪೌಂಡಿನ ಹೊರಗೆ ಬಳೆಯ ಬುಟ್ಟಿ ಇಳಿಸಿಕೊಂಡು ಕುಳಿತಿದ್ದಾಳೆ. ನನ್ನ ಕೈ ನೋಡಿ "ಬಳಿ ಯಾಕ ಇಲ್ಲ ಬೇಟಿ, ಕೈ ಚಾಚು" ಎಂದಳು. ಚಾಚಲಾಗಲಿಲ್ಲ.

ಆ ಮಂಗಳವಾರ ನಾನು ಊರಲ್ಲಿದ್ದೆ. ಕೇರಿಗೆ ಬಾರದೆ ಕಾರಿನಲ್ಲೇ ಕುಳಿತಿದ್ದೆ. ಅವ್ವ ಭಂಡಾರದ ತಟ್ಟೆ ಕೊಟ್ಟು, "ಆ ಮುದುಕಿ ಕಟ್ಟಿ ಹತ್ರ ಬಂದಿಲ್ಲ. ನಿನ್ನ ಮಾತು ಕೇಳ್ತಾಳ, ಹೋಗಿ ಬಾ" ಎಂದಳು. ಹಿತ್ತಲಿನಿಂದ ಹೋದೆ. ಅವರು ದನಿಯಿಂದಲೇ ಗುರುತು ಹಿಡಿದರು. "ಉಂಡು ಹೋಗವಾ" ಎಂದರು. ಉಣ್ಣಲಿಲ್ಲ. ಇಟ್ಟು ಬಂದೆ.

ನೀನು ಹೇಳಿದ ಹಾಗೆ ಬರುವುದಿಲ್ಲ. ಮುಚ್ಚಿ ಇಟ್ಟದ್ದಕ್ಕೆ, ಮುಚ್ಚಿ ಒತ್ತಿದ್ದಕ್ಕೆ ಇಷ್ಟಾಗಿದೆ. ಮುಚ್ಚಿಯೇ ತೆಗೆದರೆ ನಾಳೆ ಅವರು ಉಂಡದ್ದೂ ಅಪ್ಪನ ಭಾಷಣವಾಗುತ್ತದೆ, ದೇವಿ ಕ್ಷಮಿಸಿದಳೆಂದು. ಅವರನ್ನು ಎತ್ತಿಕೊಂಡು ಕಟ್ಟೆಗೆ ತನ್ನಿ. ಮಂಜವ್ವನನ್ನು ಕರೆ, ಕೇರಿಯನ್ನೆಲ್ಲ ಕರೆ. ಜಗದೀಶನೂ ಬರಲಿ, ಹೇಳಿಕೆ ಬೇಕಿದ್ದರೆ ನನ್ನದು ಬರೆದುಕೊಳ್ಳಲಿ. ಅವರ ಹೆಬ್ಬೆಟ್ಟು ಬೇಡ, ನನಗೆ ಸಹಿ ಬರುತ್ತದೆ. ಯಾರ ಪರವಾಗಿ ಇಟ್ಟೆ ಎಂಬುದನ್ನು ಎಲ್ಲರ ಮುಂದೆ ಹೇಳಿ ನಾನು ಗಂಟು ಬಿಚ್ಚುತ್ತೇನೆ. ನೀನೂ ನನ್ನ ಪಕ್ಕದಲ್ಲಿ ನಿಂತು, ಯಾವ ಗುರುತಿಗೆ ಒತ್ತಿದೆ ಎಂದು ಹೇಳಬೇಕು. ಅಪ್ಪನ ಮುಂದೆಯೇ. ಅವನಿಗೂ ಇದೇ ಹೊತ್ತು ತಿಳಿಸುತ್ತಿದ್ದೇನೆ. ಆಮೇಲೆ ನಮ್ಮ ಮನೆಯ ಬಾಗಿಲು ನನಗೆ ತೆರೆಯುವುದಿಲ್ಲ, ಗೊತ್ತು.

ಅಲ್ಲಿಯವರೆಗೆ ಗಂಜಿಯ ತಿಳಿಯಾದರೂ ಕುಡಿಸು. ರೊಟ್ಟಿಗೆ ನಡಕೊಳ್ಳಾಕಿ ಬರುತ್ತಾಳೆಂದು ಹೇಳಿ ಕುಡಿಸು. ನಾನು ಬರುವಷ್ಟರಲ್ಲಿ ಅವರು ಇಲ್ಲದಿದ್ದರೂ ಕಟ್ಟೆಗೇ ತನ್ನಿ. ಸೆರಗು ಇರುತ್ತದೆ. ಗಂಟು ಹೊತ್ತುಕೊಂಡು ಅವರು ಮಣ್ಣಿಗೆ ಹೋಗಬಾರದು.

29 ಆಗಸ್ಟ್, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ. ದುರ್ಗವ್ವನ ಕಟ್ಟೆ.

ಅಂಕಿತಾ